ಹೆವಿ ಲೈಸೆನ್ಸ್ ಮಾಡಿಸಬೇಕು, ಲಾರಿಗೋ ಬಸ್ಸಿಗೋ? ದಾವಣಗೆರೆ, ದುರ್ಗದ ಕಡೆಯವರು ದಯವಿಟ್ಟು ಹೇಳಿ

ಪ್ರಶ್ನೆ: ಜಗಳೂರು ಪಿಕಪ್

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನನಗೆ 22 ವರ್ಷ. ಒಂಬತ್ತನೇ ಕ್ಲಾಸಿಗೇ ಓದು ನಿಂತಿತು. ಈಗ ಬೇರೆಯವರ ಪಿಕಪ್ ಓಡಿಸುತ್ತೇನೆ. ಮೆಕ್ಕೆಜೋಳ, ಈರುಳ್ಳಿ ತುಂಬಿಕೊಂಡು ದಾವಣಗೆರೆ ಎಪಿಎಂಸಿಗೆ ಹೋಗಿ ಬರುವುದೇ ಕೆಲಸ. ಬೈಕಿನ ಲೈಸೆನ್ಸ್ ಮೊದಲಿನಿಂದ ಇದೆ, ಕಾರಿನದು ಮಾಡಿಸಿ ಒಂದು ವರ್ಷದ ಮೇಲಾಯಿತು.

ಪಿಕಪ್‌ನಲ್ಲಿ ಬರುವ ಸಂಬಳ ಮನೆಗೆ ಸಾಲುತ್ತಿಲ್ಲ. ಹಾಗಾಗಿ ಹೆವಿ ಲೈಸೆನ್ಸ್ ಮಾಡಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಂಟನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ಬೇಕು ಅಂತ ಒಬ್ಬರು, ಹತ್ತನೇದು ಇಲ್ಲದಿದ್ದರೆ ಆಗೋದೇ ಇಲ್ಲ ಅಂತ ಇನ್ನೊಬ್ಬರು. ಲಾರಿಗೆ ಬೇರೆ ಲೈಸೆನ್ಸ್, ಬಸ್ಸಿಗೆ ಬೇರೆ ಲೈಸೆನ್ಸಾ? ಬ್ಯಾಡ್ಜ್ ಅಂದರೆ ಏನು? ಒಬ್ಬ ಏಜೆಂಟ್ ಸಿಕ್ಕಿದ್ದಾರೆ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ, ನೀನು ಗಾಡಿ ಕಲಿಯುವುದೇನೂ ಬೇಡ, ಟೆಸ್ಟ್ ದಿನ ಬಂದು ನಿಂತರೆ ಸಾಕು ಅನ್ನುತ್ತಾರೆ. ದುಡ್ಡು ಜಾಸ್ತಿ ಕೇಳುತ್ತಿದ್ದಾರೆ, ಅದಕ್ಕಿಂತ ಜಾಸ್ತಿ ಭಯ ಆಗುವುದು ಗಾಡಿ ಬರದೇ ಲೈಸೆನ್ಸ್ ಕೈಗೆ ಬಂದರೆ ಮುಂದೇನು ಅಂತ. ಅಮ್ಮನಿಗೆ ನಾನು ಲಾರಿ ಹತ್ತುವುದೇ ಇಷ್ಟ ಇಲ್ಲ, ಬಸ್ಸಾದರೆ ರಾತ್ರಿ ಮನೆಗೆ ಬರುತ್ತೀಯ ಅನ್ನುತ್ತಾರೆ. ಗೊತ್ತಿರುವವರು ಹೇಳಿ.

ಉತ್ತರ: ಹತ್ತು ಚಕ್ರ, ಚಿತ್ರದುರ್ಗ

ತಮ್ಮಾ, ಮೊದಲು ಓದಿನ ವಿಷಯ ಮುಗಿಸೋಣ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ ಮೊದಲು ಇತ್ತು, 2019ರಲ್ಲಿ ಕೇಂದ್ರ ಸರ್ಕಾರವೇ ಅದನ್ನು ತೆಗೆಯಿತು. ಲೈಸೆನ್ಸಿಗೆ ಈಗ ಓದಿನ ಷರತ್ತು ಇಲ್ಲ. ಹತ್ತನೇ ಕ್ಲಾಸ್ ಬೇಕಾಗುವುದು ಸರ್ಕಾರಿ ಬಸ್ಸಿನ ಕೆಲಸಕ್ಕೆ. ಅದು ಬೇರೆ ಮಾತು.

ಕಾನೂನು ಕೇಳುವುದು ಎರಡು ವಿಷಯ. ಒಂದು, ವಯಸ್ಸು 20 ತುಂಬಿರಬೇಕು. ಇನ್ನೊಂದು, ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಕೈಗೆ ಬಂದು ಒಂದು ವರ್ಷ ಆಗಿರಬೇಕು. ಆಮೇಲೆ ಮಾತ್ರ ಹೆವಿಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಕೊಡುತ್ತಾರೆ. ಇಲ್ಲಿ ತುಂಬಾ ಹುಡುಗರು ಎಡವುತ್ತಾರೆ, ಬೈಕ್ ಲೈಸೆನ್ಸ್ ನಾಲ್ಕು ವರ್ಷದಿಂದ ಇದೆ ಅಂತ ಹೋಗುತ್ತಾರೆ, ಅದು ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊತ್ತಾಗಿ ವಾಪಸ್ ಬರುತ್ತಾರೆ. ನಿನಗೆ ಕಾರಿನದೇ ವರ್ಷ ದಾಟಿದೆ ಅಂದರೆ ದಾರಿ ಸರಿಯಾಗಿದೆ. ಇದನ್ನು ಓದುತ್ತಿರುವ ಬೇರೆ ಹುಡುಗರಿಗೂ ಹೇಳುತ್ತೇನೆ, ಮುಂದೆ ಲಾರಿ ಹತ್ತುವ ಮನಸ್ಸಿದ್ದರೆ 18 ತುಂಬಿದ ಕೂಡಲೇ ಕಾರಿನದು ಮಾಡಿಸಿಬಿಡಿ, ಆ ಒಂದು ವರ್ಷ ತನ್ನಷ್ಟಕ್ಕೆ ಓಡುತ್ತಿರುತ್ತದೆ.

ಇನ್ನು ಕಾಗದ. ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ನೀನೇ ಅರ್ಜಿ ಹಾಕಬಹುದು. ಡಾಕ್ಟರ ಹತ್ತಿರ ಫಾರಂ 1ಎ, ಅಂದರೆ ಮೆಡಿಕಲ್ ಸರ್ಟಿಫಿಕೇಟ್, ಮಾಡಿಸಬೇಕು, ಲಾರಿ ಬಸ್ಸಿನವರಿಗೆ ಇದು ಕಡ್ಡಾಯ. ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 ಬೇಕು, ಇಂಥವರು ನಮ್ಮಲ್ಲಿ ಹೆವಿ ಕಲಿತಿದ್ದಾರೆ ಅಂತ ಸ್ಕೂಲಿನವರು ಬರೆದು ಕೊಡುವ ಸರ್ಟಿಫಿಕೇಟ್ ಅದು. ಎಲ್‌ಎಲ್‌ಆರ್ ಆರು ತಿಂಗಳು ಇರುತ್ತದೆ, ಸಿಕ್ಕಿ 30 ದಿನ ಆದ ಮೇಲೆ ಟೆಸ್ಟಿಗೆ ಹೋಗಬಹುದು. ಸರ್ಕಾರಿ ಶುಲ್ಕ ನಿಜಕ್ಕೂ ದೊಡ್ಡದಲ್ಲ. ಕೇಂದ್ರದ ನಿಯಮದಲ್ಲಿ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಟೆಸ್ಟಿಗೆ 300, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500. ಅದರ ಮೇಲೆ ಕಾರ್ಡು, ಸರ್ವಿಸ್ ಚಾರ್ಜು ಅಂತ ಸ್ವಲ್ಪ ಬರುತ್ತದೆ. ದುಡ್ಡು ಖರ್ಚಾಗುವುದು ಸ್ಕೂಲಿನ ಫೀಸಿಗೆ, ಟೆಸ್ಟ್ ದಿನದ ಗಾಡಿ ಬಾಡಿಗೆಗೆ. ಯಾವ ವರ್ಗಕ್ಕೆ ಟೆಸ್ಟೋ ಆ ವರ್ಗದ ಗಾಡಿಯನ್ನು ನೀನೇ ತರಬೇಕು ನೋಡು.

ಈಗ ಏಜೆಂಟ್ ಮಾತು. ಬೇಡ ತಮ್ಮಾ. ದುಡ್ಡಿಗಾಗಿ ಹೇಳುತ್ತಿಲ್ಲ. ಪಿಕಪ್ ಓಡಿಸಿದವನಿಗೆ ಸ್ಟೀರಿಂಗು, ಗೇರು, ಕ್ಲಚ್ಚು ಎಲ್ಲ ಗೊತ್ತಿರುತ್ತದೆ, ಅದಕ್ಕೇ ಲಾರಿಯೂ ಇಷ್ಟೇ ಅಂದುಕೊಳ್ಳುತ್ತಾನೆ. ಆದರೆ ಬ್ರೇಕೇ ಬೇರೆ. ಪಿಕಪ್‌ನಲ್ಲಿ ಎಣ್ಣೆಯ ಒತ್ತಡದಲ್ಲಿ ಬ್ರೇಕ್ ಹಿಡಿಯುತ್ತದೆ, ಲಾರಿಯಲ್ಲಿ ಗಾಳಿಯಲ್ಲಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಟ್ಯಾಂಕಿನಲ್ಲಿ ಗಾಳಿ ತುಂಬಬೇಕು, ಮೀಟರಿನ ಮುಳ್ಳು ಮೇಲೆ ಬರಬೇಕು, ಬಜರ್ ನಿಲ್ಲಬೇಕು. ಅಲ್ಲಿಯ ತನಕ ಗಾಡಿ ಕದಲಿಸಬಾರದು. ಗಾಳಿ ಇಳಿದರೆ ಹಿಂದಿನ ಚಕ್ರಗಳ ಸ್ಪ್ರಿಂಗ್ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ, ಗಾಡಿ ರಸ್ತೆ ನಡುವೆಯೇ ನಿಲ್ಲಬಹುದು. ಏರ್ ಟ್ಯಾಂಕಿನ ನೀರು ಬಿಡುವುದು, ಪೈಪಿನಲ್ಲಿ ಸೋರಿಕೆ ಇದೆಯಾ ಅಂತ ಕಿವಿಗೊಟ್ಟು ಕೇಳುವುದು, ಇವೆಲ್ಲ ದಿನದ ಕೆಲಸ.

ಇಳಿಜಾರು ಇನ್ನೂ ದೊಡ್ಡ ಪಾಠ. ಲೋಡ್ ಗಾಡಿ ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿ ಒತ್ತುತ್ತಾ ಹೋದರೆ ಡ್ರಮ್ ಕಾಯುತ್ತದೆ, ಕಾದ ಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಇಳಿಯುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಇಂಜಿನ್‌ನಿಂದಲೇ ವೇಗ ಇಳಿಸುವುದು) ಹಾಕಬೇಕು, ಕಾಲಿನ ಬ್ರೇಕನ್ನು ಬಿಟ್ಟು ಬಿಟ್ಟು ಬಳಸಬೇಕು. ಅರ್ಧ ಇಳಿದ ಮೇಲೆ ಗೇರ್ ಇಳಿಸಲು ಹೋದರೆ ಗೇರ್ ಬೀಳದೆ ಗಾಡಿ ನ್ಯೂಟ್ರಲ್‌ನಲ್ಲಿ ಉಳಿಯುವ ಅಪಾಯ ಇದೆ. ಡೀಸೆಲ್ ಉಳಿಸುತ್ತೇವೆ ಅಂತ ಬೇಕೆಂದೇ ನ್ಯೂಟ್ರಲ್ ಮಾಡಿ ಇಳಿಯುವವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅಂಥವರ ಪಕ್ಕ ಕೂತು ಕಲಿಯಬೇಡ.

ತಿರುವು ಇನ್ನೊಂದು. ದಾವಣಗೆರೆ ಪಿ.ಬಿ. ರಸ್ತೆಯಲ್ಲೋ ನಮ್ಮ ದುರ್ಗದ ಬಿ.ಡಿ. ರಸ್ತೆಯಲ್ಲೋ ಎಡಕ್ಕೆ ತಿರುಗಿಸುವಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಗಾಡಿ ಉದ್ದ ಆದಷ್ಟೂ ಜಾಸ್ತಿ. ಎಡಗಡೆ ಕ್ಯಾಬಿನ್ ಪಕ್ಕಕ್ಕೆ ಬಂದ ಸ್ಕೂಟಿ ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ. ಆ ಸ್ಕೂಟಿಯಲ್ಲಿ ಇರುವವರು ನಮ್ಮ ಊರಿನವರೇ ಅಲ್ವಾ. ಇದನ್ನೆಲ್ಲ ಟೆಸ್ಟ್ ದಿನ ಬಂದು ನಿಂತರೆ ಯಾರೂ ಕಲಿಸುವುದಿಲ್ಲ.

ಲೈಸೆನ್ಸ್ ಆದ ಮೇಲೂ ಕೆಲವು ತಿಂಗಳು ಒಬ್ಬ ಹಳೆಯ ಡ್ರೈವರ್ ಜೊತೆ ಕ್ಲೀನರ್ ಆಗಿ ಹೋಗು. ತಾಡಪಾಲು ಕಟ್ಟುವುದು, ಹಗ್ಗ ಬಿಗಿಯುವುದು, ಟೈರ್ ತಟ್ಟಿ ನೋಡುವುದು, ತೂಕದ ಚೀಟಿ ಓದುವುದು ಎಲ್ಲ ಅಲ್ಲೇ ಬರುವುದು.

ಉತ್ತರ: ಗಾಡಿ ಮಾಲೀಕ, ಹಿರಿಯೂರು

ಮೇಲಿನವರು ಗಾಡಿಯ ಮಾತು ಹೇಳಿದರು, ನಾನು ಇನ್ಶೂರೆನ್ಸ್ ಮಾತು ಹೇಳುತ್ತೇನೆ. ಹೆವಿ ಲೈಸೆನ್ಸ್ ಇಲ್ಲದವನ ಕೈಗೆ ಲಾರಿ ಕೊಟ್ಟು ಅಪಘಾತ ಆದರೆ ಏನಾಗುತ್ತದೆ ಅಂತ ಹುಡುಗರಿಗೆ ಯಾರೂ ಹೇಳುವುದಿಲ್ಲ. ನೊಂದ ಕುಟುಂಬಕ್ಕೆ ಕಂಪನಿ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳಬಹುದು, ಆದರೆ ಆ ದುಡ್ಡನ್ನು ಕಂಪನಿ ಆಮೇಲೆ ಮಾಲೀಕನಿಂದ ವಸೂಲಿ ಮಾಡುತ್ತದೆ. ಗಾಡಿ ಮಾರಿದರೂ ತೀರದ ಮೊತ್ತ ಬರುತ್ತದೆ. ದಂಡವೂ ಇದೆ. ಲೈಸೆನ್ಸ್ ಇಲ್ಲದೆ ಓಡಿಸಿದವನಿಗೂ, ಓಡಿಸಲು ಬಿಟ್ಟ ಮಾಲೀಕನಿಗೂ ಮೋಟಾರು ವಾಹನ ಕಾಯ್ದೆಯಲ್ಲಿ 5000 ರೂಪಾಯಿವರೆಗೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಒಟ್ಟು ತೂಕ 7500 ಕೆಜಿ ಒಳಗಿನ ಗಾಡಿಯನ್ನು, ಅದು ಬಾಡಿಗೆ ಗಾಡಿಯೇ ಆದರೂ, ಕಾರಿನ ಲೈಸೆನ್ಸ್ ಇರುವವರು ಓಡಿಸಬಹುದು, ಬೇರೆ ಎಂಡಾರ್ಸ್‌ಮೆಂಟ್, ಅಂದರೆ ಲೈಸೆನ್ಸಿನಲ್ಲಿ ಹೆಚ್ಚಿನ ಅನುಮತಿಯ ನಮೂದು, ಬೇಡ ಅಂತ. ಅಂದರೆ ನಿನ್ನ ಪಿಕಪ್, ಟಾಟಾ ಏಸ್ ಇವೆಲ್ಲ ಅದರಲ್ಲಿ ಬರುತ್ತವೆ. ಇದನ್ನೇ ಹಿಡಿದುಕೊಂಡು ಕೆಲವರು ಲಾರಿಗೂ ಲೈಸೆನ್ಸ್ ಬೇಡವಂತೆ ಅಂತ ಸುಮ್ನೆ ಸುದ್ದಿ ಹಬ್ಬಿಸುತ್ತಿದ್ದಾರೆ. ಆರು ಚಕ್ರದ ದೊಡ್ಡ ಲಾರಿಯೇ ಲೋಡ್ ಸೇರಿ 16 ಟನ್ ದಾಟುತ್ತದೆ. 7500 ಕೆಜಿ ಎಲ್ಲಿ, ಅದೆಲ್ಲಿ.

ಇನ್ನೊಂದು. ಈಗ ಕೆಲಸ ಕೇಳಿಕೊಂಡು ಬಂದವರ ಲೈಸೆನ್ಸ್ ನಂಬರ್ ಹಾಕಿ ಆನ್‌ಲೈನ್‌ನಲ್ಲೇ ನೋಡುತ್ತೇವೆ. ಯಾವ ವರ್ಗ ಇದೆ, ಯಾವತ್ತಿನ ತನಕ ಇದೆ ಎಲ್ಲ ಕಾಣುತ್ತದೆ. ಆಮೇಲೆ ಯಾರ್ಡಿನಲ್ಲಿ ಗಾಡಿ ಕೊಟ್ಟು ರಿವರ್ಸ್ ಹಾಕಿಸುತ್ತೇನೆ. ಕನ್ನಡಿ ನೋಡುವ ಕ್ರಮದಲ್ಲೇ ಗೊತ್ತಾಗಿಬಿಡುತ್ತದೆ ಇವನು ಕಲಿತವನೋ ಕಾಗದ ತಂದವನೋ ಅಂತ. ಏಜೆಂಟ್ ಕೊಡಿಸಿದ ಲೈಸೆನ್ಸಿಗೆ ಅಲ್ಲಿ ಬೆಲೆ ಇಲ್ಲ.

ಓವರ್‌ಲೋಡ್ ಬಗ್ಗೆ ಕೂಡ ತಿಳಿದುಕೋ. ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2000. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು. ತುಂಬು ಅಂತ ಮಾಲೀಕ ಹೇಳಿದರೂ ಸ್ಟೀರಿಂಗ್ ಹಿಡಿದಿರುವವನು ನೀನು, ಆಗಲ್ಲ ಅಂತ ಹೇಳುವ ಧೈರ್ಯ ಬೇಕು. ನಾನು ಮಾಲೀಕನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಉತ್ತರ: ಪಿ.ಬಿ. ರೋಡ್ ಬಸ್, ದಾವಣಗೆರೆ

ಬಸ್ಸಿನ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಹೇಳುತ್ತೇನೆ. ನಾನು ಪ್ರೈವೇಟ್ ಬಸ್ ಡ್ರೈವರ್, ದಾವಣಗೆರೆ-ಚಿತ್ರದುರ್ಗ ಲೈನಿನಲ್ಲಿ ತುಂಬಾ ವರ್ಷ ಓಡಿಸಿದ್ದೇನೆ.

ಕಾಯ್ದೆಯಲ್ಲಿ ಮೊದಲು ಮಧ್ಯಮ ಸರಕು, ಭಾರಿ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಪ್ರಯಾಣಿಕ ಅಂತ ನಾಲ್ಕು ವರ್ಗ ಇದ್ದವು. 1994ರ ತಿದ್ದುಪಡಿಯಲ್ಲಿ ನಾಲ್ಕನ್ನೂ ಸೇರಿಸಿ ಸಾರಿಗೆ ವಾಹನ ಅಂತ ಒಂದೇ ಮಾಡಿದರು. ಕಾರ್ಡಿನ ಮೇಲೆ ಟ್ರಾನ್ಸ್ ಅಂತ ಬರುವುದು ಅದೇ. ಆದರೆ ಜನರನ್ನು ಕೂರಿಸಿಕೊಂಡು ಓಡಿಸಲು ಕರ್ನಾಟಕದಲ್ಲಿ ಬ್ಯಾಡ್ಜ್ ಬೇರೆ ಮಾಡಿಸಬೇಕು. ಆರ್‌ಟಿಒದಲ್ಲೇ ಕೊಡುತ್ತಾರೆ. ಅದಕ್ಕೇ ಹೆವಿ ಮಾಡಿಸುವಾಗಲೇ ಬ್ಯಾಡ್ಜಿನ ಬಗ್ಗೆಯೂ ವಿಚಾರಿಸಿಕೋ, ಮುಂದೆ ಬಸ್ಸಿಗೆ ಬರುವ ಮನಸ್ಸಾದರೆ ಮತ್ತೆ ಅಲೆಯುವುದು ತಪ್ಪುತ್ತದೆ.

ಕೆಎಸ್‌ಆರ್‌ಟಿಸಿಗೆ ಸೇರುವ ಆಸೆ ಇದ್ದರೆ ಈಗಿನಿಂದಲೇ ಲೆಕ್ಕ ಹಾಕು. ಇತ್ತೀಚಿನ ನೇಮಕಾತಿಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸು ಕೇಳಿದ್ದರು, ವಯಸ್ಸು ಕನಿಷ್ಠ 24, ಹೆವಿ ಲೈಸೆನ್ಸ್ ಪಡೆದು ಎರಡು ವರ್ಷ ಆಗಿರಬೇಕು, ಬ್ಯಾಡ್ಜ್ ಇರಬೇಕು. ನಿನಗೆ ಈಗ 22. ಈ ವರ್ಷ ಹೆವಿ ಆದರೆ ವಯಸ್ಸು, ಎರಡು ವರ್ಷ ಎರಡೂ ಜೊತೆಗೇ ತುಂಬುತ್ತವೆ. ಉಳಿಯುವುದು ಎಸ್‌ಎಸ್‌ಎಲ್‌ಸಿ ಒಂದೇ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು, ನಿಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ಟರನ್ನು ಹೋಗಿ ಕೇಳು. ಪಿಕಪ್ ಓಡಿಸಿಕೊಂಡೇ ಓದಬಹುದು, ಕಷ್ಟ ಆದರೂ ಮಾಡು. ನಿಗಮದ ಡ್ರೈವಿಂಗ್ ಟೆಸ್ಟ್ ಕೂಡ ಈಗ ಕಂಪ್ಯೂಟರ್ ಟ್ರ್ಯಾಕಿನಲ್ಲಿ ನಡೆಯುತ್ತದೆ, ಹುಮನಾಬಾದ್‌ನಲ್ಲಿ ಅಂಥ ಟ್ರ್ಯಾಕ್ ಇದೆ. ಸೆನ್ಸರ್ ಮಾರ್ಕ್ಸ್ ಕೊಡುತ್ತದೆ, ಗೆರೆ ಮುಟ್ಟಿದರೆ ಹೋಯಿತು. ಅಲ್ಲಿ ಯಾರ ಪರಿಚಯವೂ ಕೆಲಸಕ್ಕೆ ಬರುವುದಿಲ್ಲ, ಕೈಗೆ ಗಾಡಿ ಬರಬೇಕು ಅಷ್ಟೇ.

ಮೇಲೆ ಹತ್ತು ಚಕ್ರದ ಅಣ್ಣ ಕ್ಲೀನರ್ ಆಗಿ ಹೋಗು ಅಂದರು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕ್ಲೀನರ್ ಆಗಿ ಹೋದ ಹುಡುಗ ಆ ಡ್ರೈವರ್ ಏನು ಮಾಡುತ್ತಾನೋ ಅದನ್ನೇ ಕಲಿಯುತ್ತಾನೆ, ಒಳ್ಳೆಯದನ್ನೂ ಕೆಟ್ಟದನ್ನೂ. ರಾತ್ರಿ ಎರಡು ಗಂಟೆಗೆ ಅಣ್ಣನಿಗೆ ನಿದ್ದೆ ಬಂತು, ಸ್ವಲ್ಪ ಹಿಡಿ ಅಂತ ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಹೈವೇಯಲ್ಲಿ ಸ್ಟೀರಿಂಗ್ ಕೊಡುವುದು ನಡೆಯುತ್ತಲೇ ಇರುತ್ತದೆ. ಮೊದಲು ಸ್ಕೂಲಿನಲ್ಲಿ ಸರಿಯಾಗಿ ಕಲಿ. ಕೇಂದ್ರದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಲ್ಲಿ ಹೆವಿಗೆ ಆರು ವಾರದಲ್ಲಿ 38 ಗಂಟೆಯ ಪಾಠ ಅಂತ 2021ರ ನಿಯಮದಲ್ಲಿದೆ. ಸಾರಿಗೆ ನಿಗಮದ ತರಬೇತಿ ಕೇಂದ್ರಗಳಲ್ಲೂ ಹೊರಗಿನವರಿಗೆ ಹೆವಿ ಕಲಿಸುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದ ಉಚಿತ ತರಬೇತಿ ಆಗಾಗ ಬರುತ್ತದೆ, ನೀನು ಅದಕ್ಕೆ ಸೇರಿದವನಾದರೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ ನೋಡು.

ಅಮ್ಮನ ಮಾತಿನಲ್ಲಿ ಅರ್ಥ ಇದೆ. ಪ್ರೈವೇಟ್ ಲೈನ್ ಬಸ್ಸಿನಲ್ಲಿ ರಾತ್ರಿ ಮನೆ ಸೇರಬಹುದು. ಆದರೆ ಟೈಮಿನ ಜಗಳ, ಮುಂದಿನ ಬಸ್ ಹಿಡಿಯುವ ಆತುರ, ಕಲೆಕ್ಷನ್ ಒತ್ತಡ ಇವೆಲ್ಲ ಇಲ್ಲೂ ಇವೆ. ಹಿಂದೆ ಅರವತ್ತು ಜನ ಕೂತಿರುತ್ತಾರೆ, ಬ್ರೇಕ್ ಒತ್ತುವ ರೀತಿಯೇ ಬದಲಾಗಬೇಕು. ಜೋಳದ ಚೀಲ ಬಿದ್ದರೆ ಎತ್ತಿ ಇಡಬಹುದು, ಬಾಗಿಲ ಹತ್ತಿರ ನಿಂತ ಅಜ್ಜಿ ಬಿದ್ದರೆ ಹಾಗಲ್ಲ.

ಉತ್ತರ: ಭರಮಸಾಗರ ಅಕ್ಕ

ನಮ್ಮ ಮನೆಯವರು ಲಾರಿ ಡ್ರೈವರ್. ಒಂದೇ ಮಾತು ಹೇಳುತ್ತೇನೆ. ಫಾರಂ 1ಎ ಅನ್ನು ಡಾಕ್ಟರ ಸಹಿಗೆ ಮಾತ್ರ ಅಂತ ಮಾಡಿಸಬೇಡಪ್ಪಾ. ನಿಜವಾಗಿ ಕಣ್ಣು ತೋರಿಸು. 25 ಮೀಟರ್ ದೂರದ ಗಾಡಿಯ ನಂಬರ್ ಪ್ಲೇಟ್ ಹಗಲಿನಲ್ಲಿ ಓದಲು ಆಗಬೇಕು ಅಂತ ಅದರಲ್ಲೇ ಇದೆ, ಕನ್ನಡಕ ಹಾಕಿಕೊಂಡು ಓದಿದರೂ ನಡೆಯುತ್ತದೆ. ಕೆಂಪು, ಹಸಿರು ಗುರುತು ಸಿಗುತ್ತದಾ ಅಂತಲೂ ನೋಡುತ್ತಾರೆ. ಬಣ್ಣ ಗುರುತಿಸುವ ತೊಂದರೆ ಅಲ್ಪಸ್ವಲ್ಪ ಇದ್ದರೆ 2020ರಿಂದ ಲೈಸೆನ್ಸ್ ಕೊಡುತ್ತಾರೆ, ಜಾಸ್ತಿ ಇದ್ದರೆ ಇಲ್ಲ.

ಕನ್ನಡಕ ಹಾಕಿಕೊಂಡರೆ ಕೆಲಸ ಕೊಡಲ್ಲ ಅಂತ ಎಷ್ಟೋ ಡ್ರೈವರುಗಳು ಮಬ್ಬುಗಣ್ಣಿನಲ್ಲೇ ರಾತ್ರಿ ಓಡಿಸುತ್ತಾರೆ. ಎದುರಿನ ಗಾಡಿಯ ಲೈಟು ಬಿದ್ದಾಗ ಏನೂ ಕಾಣುವುದಿಲ್ಲ ಅಂತ ಮನೆಯಲ್ಲಿ ಮಾತ್ರ ಹೇಳುತ್ತಾರೆ. ಶುಗರ್, ಬಿಪಿ ಕೂಡ ವರ್ಷಕ್ಕೊಮ್ಮೆ ನೋಡಿಸಿಕೋ, ಹೊತ್ತಲ್ಲದ ಹೊತ್ತಿನ ಊಟ, ನಿದ್ದೆಗೇಡು ಎರಡೂ ಈ ಕೆಲಸದಲ್ಲಿ ತಪ್ಪುವುದಿಲ್ಲ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು, ದಿನಕ್ಕೆ ಎಂಟು ಗಂಟೆ ಕೆಲಸ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಯಾರೂ ಪಾಲಿಸುವುದಿಲ್ಲ ಅಂತ ಗೊತ್ತು. ಆದರೂ ಕೇಳಬೇಕು.

ಮತ್ತೆ: ಜಗಳೂರು ಪಿಕಪ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಏಜೆಂಟ್‌ಗೆ ಬೇಡ ಅಂತ ಹೇಳಿಬಿಟ್ಟೆ. ಸ್ಕೂಲಿಗೆ ಸೇರುತ್ತೇನೆ, ಎಸ್‌ಎಸ್‌ಎಲ್‌ಸಿ ಬಗ್ಗೆಯೂ ಹೈಸ್ಕೂಲಿನಲ್ಲಿ ಕೇಳಿ ಬರುತ್ತೇನೆ. ಇನ್ನು ಎರಡು ಅನುಮಾನ. ಎಲ್‌ಎಲ್‌ಆರ್ ಇರುವಾಗ ನಮ್ಮ ಮಾವನ ಲಾರಿಯಲ್ಲಿ ಅಭ್ಯಾಸ ಮಾಡಬಹುದಾ? ಹೆವಿ ಆದ ಮೇಲೆ ನನ್ನ ಬೈಕ್, ಕಾರಿನ ಲೈಸೆನ್ಸ್ ಕೂಡ ಬೇಗ ಬೇಗ ರಿನ್ಯೂವಲ್ ಮಾಡಿಸಬೇಕು ಅನ್ನುತ್ತಾರೆ, ನಿಜವಾ?

ಉತ್ತರ: ಹತ್ತು ಚಕ್ರ, ಚಿತ್ರದುರ್ಗ

ಒಳ್ಳೆಯದು ಮಾಡಿದೆ ತಮ್ಮಾ. ಮಾವನ ಲಾರಿಯಲ್ಲಿ ಅಭ್ಯಾಸ ಮಾಡಬಹುದು, ಆದರೆ ಎಲ್‌ಎಲ್‌ಆರ್ ಜೇಬಿನಲ್ಲಿರಬೇಕು. ಹೆವಿ ಲೈಸೆನ್ಸ್ ಇರುವವರು ಪಕ್ಕದಲ್ಲೇ ಕೂತಿರಬೇಕು, ಬೇಕಾದರೆ ಗಾಡಿ ನಿಲ್ಲಿಸಲು ಅವರಿಗೆ ಆಗುವಂತೆ. ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಹಿಂದೆ ಮುಂದೆ ಎರಡೂ ಕಡೆ ಕಟ್ಟು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿಸಿಕೊಳ್ಳಬೇಡ. ಮೊದಲು ಖಾಲಿ ಗಾಡಿಯಲ್ಲೇ ಕಲಿ, ಬೆಳಗಿನ ಜಾವ ಜಗಳೂರು ರಸ್ತೆಯಲ್ಲಿ ಓಡಾಟ ಕಡಿಮೆ ಇರುತ್ತದೆ. ಹೈವೇಗೆ ಆಮೇಲೆ ಬಾ. ಆಷಾಢದ ಗಾಳಿಯಲ್ಲಿ ದುರ್ಗದ ಗಾಳಿಯಂತ್ರದ ಗುಡ್ಡಗಳ ಪಕ್ಕ ಹೋಗುವಾಗ ಖಾಲಿ ಗಾಡಿ ಕೂಡ ಎಳೆದಂತೆ ಆಗುತ್ತದೆ, ಬಾಡಿ ಎತ್ತರ ಇದ್ದಷ್ಟೂ ಜಾಸ್ತಿ. ಸ್ಪೀಡ್ ಇಳಿಸು, ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿ.

ಲೈಸೆನ್ಸಿನ ಅವಧಿ ಎರಡು ಬೇರೆ ಬೇರೆ ಇರುತ್ತದೆ. ಕಾರ್ಡಿನಲ್ಲಿ ಎನ್‌ಟಿ (ಸಾರಿಗೆಯಲ್ಲದ್ದು), ಟಿಆರ್ (ಸಾರಿಗೆ) ಅಂತ ಎರಡು ತಾರೀಖು ಬರುತ್ತವೆ. ಬೈಕ್, ಕಾರಿನದು ಅದರ ಪಾಡಿಗೆ ಇರುತ್ತದೆ. ಹೆವಿಯದು ಐದು ವರ್ಷ, ಮೊದಲು ಮೂರೇ ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ ಐದು ಮಾಡಿದರು. ಪ್ರತಿ ಸಲವೂ ಫಾರಂ 1ಎ ಬೇಕು. ಅವಧಿ ಮುಗಿಯುವ ಮೊದಲೇ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ರಿನ್ಯೂವಲ್‌ಗೆ ಹಾಕಬಹುದು. ಮುಗಿದ ಮೇಲೆ ಒಂದು ದಿನವೂ ಲಾರಿ ಹತ್ತಬೇಡ, ಹಿಂದೆ 30 ದಿನದ ರಿಯಾಯಿತಿ ಇತ್ತು, ಈಗ ಇಲ್ಲ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.

ಮುಂದೆ ಪೆಟ್ರೋಲ್, ಗ್ಯಾಸ್ ಟ್ಯಾಂಕರಿಗೆ ಹೋಗುವ ಆಲೋಚನೆ ಬಂದರೆ ಅದಕ್ಕೆ ಮೂರು ದಿನದ ಬೇರೆ ತರಬೇತಿ ಇದೆ, ಆ ಎಂಡಾರ್ಸ್‌ಮೆಂಟ್ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ಅದೆಲ್ಲ ಈಗಲೇ ಬೇಡ.

ಸ್ಕೂಲಿಗೆ ದುಡ್ಡು ಕಟ್ಟುವ ಮೊದಲು ಒಂದು ಸಲ ಹೋಗಿ ಅವರ ಹತ್ತಿರ ಸ್ವಂತ ಹೆವಿ ಗಾಡಿ ಇದೆಯಾ, ಹೆವಿ ಕಲಿಸಲು ಅನುಮತಿ ಇದೆಯಾ ಅಂತ ನೋಡಿಕೊಂಡು ಬಾ. ಕೆಲವರು ಕಾರಿನಲ್ಲಿ ಓಡಾಡಿಸಿ ಫಾರಂ 5 ಬರೆದು ಕೊಡುತ್ತಾರೆ. ಲಾರಿಯಲ್ಲೋ ಬಸ್ಸಿನಲ್ಲೋ ಕೂರಿಸಿ ರಿವರ್ಸ್ ಕಲಿಸುವವರ ಹತ್ತಿರ ಮಾತ್ರ ಸೇರು.